ಮನೆ ಬಜೆಟ್ ಮುರಿಯದೆ ನಿಲ್ಲಬೇಕಾದರೆ ಮೊದಲು ಜೂನ್ ತಿಂಗಳನ್ನು ನೋಡಿ

ಮನೆ ಬಜೆಟ್ ಹಾಕಲು ಶುರು ಮಾಡಿದ ಬಹಳ ಜನ ಎರಡು ಮೂರು ತಿಂಗಳಲ್ಲೇ ಪುಸ್ತಕ ಮುಚ್ಚಿಡುತ್ತಾರೆ. ಯಾಕೆ ಅಂತ ಕೇಳಿದರೆ "ಏನೋ ಒಂದು ಖರ್ಚು ಬಂದುಬಿಡುತ್ತೆ" ಅನ್ನುತ್ತಾರೆ. ಆ "ಏನೋ ಒಂದು" ಯಾವುದು ಅಂತ ಸ್ವಲ್ಪ ಕೆದಕಿ ನೋಡಿ. ಜೂನ್‌ನಲ್ಲಿ ಸ್ಕೂಲ್ ಫೀಸ್. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ ಗಣೇಶ. ಗಾಡಿ ಇನ್ಶೂರೆನ್ಸ್. ಚಿಕ್ಕಪ್ಪನ ಮಗಳ ಮದುವೆ. ಇದರಲ್ಲಿ ಹೇಳದೆ ಕೇಳದೆ ಬಂದದ್ದು ಯಾವುದು? ಮದುವೆಯ ದಿನವೊಂದು ಬಿಟ್ಟರೆ ಉಳಿದದ್ದೆಲ್ಲ ವರ್ಷ ವರ್ಷ ಬರುವಂಥದ್ದೇ. ನಾವು ತಿಂಗಳ ಲೆಕ್ಕ ಮಾತ್ರ ಹಾಕುತ್ತೇವೆ, ಅದಕ್ಕೇ ಇವೆಲ್ಲ ದಿಢೀರ್ ಬಂದ ಹಾಗೆ ಕಾಣುತ್ತವೆ.

ಹಾಗಾಗಿ ಕಾಫಿ ಕಡಿಮೆ ಮಾಡಿ, ಹೋಟೆಲ್ ಬಿಡಿ ಅಂತ ನಾನು ಶುರು ಮಾಡೋದಿಲ್ಲ. ಮೊದಲು ವರ್ಷದ ದೊಡ್ಡ ಖರ್ಚು, ಆಮೇಲೆ ತಿಂಗಳದ್ದು, ಅದಾದ ಮೇಲೆ ವಾರದ್ದು. ಸಂಬಳದ ಅರ್ಧ ಅಗತ್ಯಕ್ಕೆ, 30 ಭಾಗ ಆಸೆಗೆ, 20 ಭಾಗ ಉಳಿತಾಯಕ್ಕೆ ಅನ್ನುವ ಸೂತ್ರ ನೀವು ಕೇಳಿರಬಹುದು. ಲಕ್ಷಗಟ್ಟಲೆ ಸಂಬಳ ಇದ್ದವರಿಗೆ ಅದು ಸರಿ ಹೋಗುತ್ತೇನೋ. 40 ಸಾವಿರದಲ್ಲಿ ಬಾಡಿಗೆ ಕಟ್ಟಿ, ಇಬ್ಬರು ಮಕ್ಕಳನ್ನು ಓದಿಸಿ, ಊರಲ್ಲಿರುವ ಅಪ್ಪ ಅಮ್ಮನಿಗೂ ಕಳಿಸುವವರು ಆ ಸೂತ್ರ ನೋಡಿದರೆ ಬೇಜಾರಾಗಿ ಲೆಕ್ಕವನ್ನೇ ಬಿಡುತ್ತಾರೆ. ಅದನ್ನು ಮರೆತುಬಿಡಿ.

ಹೆಜ್ಜೆ 1: ವರ್ಷದ ಖರ್ಚು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳ ಹೆಸರು ಬರೆಯಿರಿ. ಪ್ರತಿ ತಿಂಗಳೂ ಇರುವ ಖರ್ಚು ಇಲ್ಲಿ ಬೇಡ. ವರ್ಷಕ್ಕೆ ಒಂದು ಸಲವೋ ಎರಡು ಸಲವೋ ಬರುವುದು ಮಾತ್ರ ಆಯಾ ತಿಂಗಳ ಮುಂದೆ ಬರಲಿ. ಸುಮ್ನೆ ನೆನಪಿನಿಂದ ಬರೆಯಬೇಡಿ, ನೆನಪು ಯಾವಾಗಲೂ ಕಡಿಮೆ ಲೆಕ್ಕ ಹೇಳುತ್ತೆ. ಬ್ಯಾಂಕ್ ಪಾಸ್‌ಬುಕ್ಕನ್ನೋ ಮೊಬೈಲ್‌ನಲ್ಲಿ ಹೋದ ವರ್ಷದ ಸ್ಟೇಟ್‌ಮೆಂಟನ್ನೋ ತೆರೆದು, ಎರಡು ಸಾವಿರಕ್ಕಿಂತ ಜಾಸ್ತಿ ಹೋದದ್ದನ್ನೆಲ್ಲ ಒಂದೊಂದಾಗಿ ನೋಡುತ್ತಾ ಬನ್ನಿ.

ಮುಯ್ಯಿಯನ್ನು ಮಾತ್ರ ಮರೆಯಬೇಡಿ. ಎಷ್ಟೋ ಮನೆಗಳಲ್ಲಿ ಮದುವೆಗೋ ಗೃಹಪ್ರವೇಶಕ್ಕೋ ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟ ಪುಸ್ತಕ ಇರುತ್ತೆ, ಬೀರುವಿನಲ್ಲಿ ಸೀರೆಗಳ ಕೆಳಗೆ. ಆ ಪುಸ್ತಕವೇ ನೀವು ಮುಂದೆ ವಾಪಸ್ ಹಾಕಬೇಕಾದ ಹಣದ ಪಟ್ಟಿ. ಅದರಲ್ಲಿರುವ ಯಾರ ಮನೆಯಲ್ಲಿ ಮದುವೆ ವಯಸ್ಸಿನ ಮಕ್ಕಳಿದ್ದಾರೆ ಅಂತ ನೋಡಿದರೆ ಈ ವರ್ಷದ ಮುಯ್ಯಿ ಅಂದಾಜು ಸಿಗುತ್ತೆ. ಹೋಗಿ ಬರುವ ಬಸ್ ಚಾರ್ಜನ್ನೂ ಸೇರಿಸಿ. ಸ್ವಂತ ಮನೆ ಇದ್ದವರು ಕಂದಾಯವನ್ನು ಏಪ್ರಿಲ್ ಮುಂದೆ ಬರೆಯಿರಿ, ಆ ತಿಂಗಳಲ್ಲೇ ಪೂರ್ತಿ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಸಿಗುತ್ತೆ.

ಒಂದು ಲೆಕ್ಕ ಹಾಕಿಯೇ ನೋಡೋಣ. ತುಮಕೂರಿನಂಥ ಊರಿನಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ಗಂಡ ಹೆಂಡತಿ ಇಬ್ಬರ ದುಡಿಮೆ ಸೇರಿ ತಿಂಗಳಿಗೆ ಕೈಗೆ 42,000 ಅಂತ ಇಟ್ಟುಕೊಳ್ಳಿ. ದಾರಿ ತೋರಿಸಲು ಹಿಡಿದ ಅಂಕಿಗಳಿವು, ನಿಮ್ಮವು ಬೇರೆ ಇರುತ್ತವೆ. ಮಕ್ಕಳ ಫೀಸ್ 36,000. ಪುಸ್ತಕ, ಯೂನಿಫಾರ್ಮ್, ಶೂ, ಬ್ಯಾಗ್ 9,000. ಆರೋಗ್ಯ ವಿಮೆ 15,000, ಜೀವ ವಿಮೆ 12,000. ಹಬ್ಬಗಳು ಬಟ್ಟೆ ಸೇರಿ 15,000. ಜಾತ್ರೆಗೆ, ರಜೆಗೆ ಊರಿಗೆ ಹೋಗಿ ಬರೋದು 8,000. ಮದುವೆ, ಮುಯ್ಯಿ 8,000. ಬೈಕ್ ಇನ್ಶೂರೆನ್ಸ್ ಮತ್ತು ಸರ್ವಿಸ್ 5,000. ಮಿಕ್ಸಿ ಜಾರ್, ನಲ್ಲಿ, ಕುಕ್ಕರ್ ಅಂತ ಮನೆಯ ರಿಪೇರಿಗೆ 6,000. ಕನ್ನಡಕ, ಹಲ್ಲು, ರಕ್ತ ಪರೀಕ್ಷೆಗೆ ಇನ್ನೊಂದು 6,000.

ಒಟ್ಟು 1,20,000. ಅಂದರೆ ತಿಂಗಳಿಗೆ 10,000.

ಈ ಮೊತ್ತ ನೋಡಿದಾಗ ಎದೆ ಧಸಕ್ ಅನ್ನುತ್ತೆ. ಆದರೆ ಇದು ಹೊಸ ಖರ್ಚಲ್ಲ, ಹೋದ ವರ್ಷವೂ ಆಗಿದ್ದೇ. ಆಗ ಕೈಸಾಲವಾಗಿ, ಕಾರ್ಡ್ ಬಿಲ್ ಆಗಿ, ಅಡವಿಟ್ಟ ಬಳೆಯಾಗಿ ಬಂದಿತ್ತು ಅಷ್ಟೇ. ಈ ಮನೆಯವರ ನಿಜವಾದ ತಿಂಗಳ ಆದಾಯ 42,000 ಅಲ್ಲ, 32,000. ಬಜೆಟ್ ಹಾಕಬೇಕಾದದ್ದು ಅಷ್ಟರಲ್ಲೇ.

ಹೆಜ್ಜೆ 2: ಯಾವ ತಿಂಗಳು ಮುಗ್ಗರಿಸುತ್ತೀರಿ ಅಂತ ಈಗಲೇ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. 10,000ದಂತೆ ಎತ್ತಿಟ್ಟರೆ ವರ್ಷದ ಕೊನೆಗೆ ಲೆಕ್ಕ ಸರಿ ಹೋಗುತ್ತೆ ನಿಜ, ಆದರೆ ಖರ್ಚು ವರ್ಷದ ಕೊನೆವರೆಗೆ ಕಾಯೋದಿಲ್ಲ. ಅದೇ ಮನೆಯವರು ಜನವರಿಯಲ್ಲಿ ಶುರು ಮಾಡಿದರು ಅನ್ನಿ. ಜನವರಿಗೆ 10,000, ಫೆಬ್ರವರಿಗೆ 20,000, ಮಾರ್ಚ್‌ಗೆ 30,000 ಆಯಿತು. ಯುಗಾದಿಗೆ 5,000 ತೆಗೆದರು, ಉಳಿದದ್ದು 25,000. ಏಪ್ರಿಲ್‌ನಲ್ಲಿ 35,000 ಆಗುತ್ತೆ, ರಜೆಗೆ ಊರಿಗೆ ಹೋಗಲು 8,000 ಹೋದರೆ 27,000. ಮೇ ತಿಂಗಳಲ್ಲಿ 37,000, ಎರಡು ಮದುವೆಗೆ 5,000 ಹೋಗಿ 32,000. ಜೂನ್‌ನಲ್ಲಿ 42,000 ಕೈಯಲ್ಲಿದೆ. ಫೀಸು ಪುಸ್ತಕ ಸೇರಿ ಬೇಕಾದದ್ದು 45,000.

3,000 ಕಡಿಮೆ ಬಿತ್ತು. ಜನವರಿಯಲ್ಲೇ ಇದು ಗೊತ್ತಾದರೆ ದಾರಿ ಬೇಕಾದಷ್ಟಿವೆ. ಎರಡು ಕಂತಿನಲ್ಲಿ ಫೀಸ್ ಕಟ್ಟಬಹುದಾ ಅಂತ ಸ್ಕೂಲಿನಲ್ಲಿ ಮಾರ್ಚ್‌ನಲ್ಲೇ ಕೇಳಬಹುದು. ಮೇಲಿನ ಕ್ಲಾಸಿನ ಮಕ್ಕಳಿಂದ ಹಳೇ ಪುಸ್ತಕ ತೆಗೆದುಕೊಳ್ಳಬಹುದು, ಅಣ್ಣನ ಯೂನಿಫಾರ್ಮನ್ನು ತಮ್ಮನಿಗೆ ಸರಿ ಮಾಡಿಸಬಹುದು. ಜೂನ್ 5ಕ್ಕೆ ಗೊತ್ತಾದರೆ ಉಳಿಯುವುದು ಸಾಲ ಒಂದೇ.

ನೀವು ವರ್ಷದ ನಡುವೆ ಶುರು ಮಾಡುತ್ತಿದ್ದರೂ ಹೀಗೇ ಮಾಡಿ. ಮುಂದಿನ 12 ತಿಂಗಳು ಬರೆದು, ಎಲ್ಲಿ ಮೊತ್ತ ಸೊನ್ನೆಗಿಂತ ಕೆಳಗೆ ಹೋಗುತ್ತೋ ಆ ತಿಂಗಳಿಗೆ ಕೆಂಪು ಗೆರೆ ಎಳೆಯಿರಿ. ಮೊದಲ ವರ್ಷ ಒಂದೋ ಎರಡೋ ಕೆಂಪು ಗೆರೆ ಬಂದೇ ಬರುತ್ತವೆ. ಬೋನಸ್, ಹಳೇ ಗಾಡಿ ಮಾರಿದ ಹಣ, ಏನೇ ಬಂದರೂ ಮೊದಲು ಆ ಗೆರೆ ಅಳಿಸಲು ಹೋಗಲಿ. ಎರಡನೇ ವರ್ಷದಿಂದ ಕಷ್ಟ ಬಹಳ ಕಡಿಮೆ.

ಗೃಹಲಕ್ಷ್ಮಿಯ 2,000 ಬರುವ ಮನೆಯಾದರೆ ಅದನ್ನು ತಿಂಗಳ ಆದಾಯದಲ್ಲಿ ಸೇರಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಮ್ಮೊಮ್ಮೆ ತಡವಾಗಿ ಬರುತ್ತೆ, ಒಮ್ಮೊಮ್ಮೆ ಎರಡು ಕಂತು ಒಟ್ಟಿಗೆ ಬೀಳುತ್ತೆ. ಅದನ್ನೇ ನಂಬಿ ಹಾಲಿನವನಿಗೆ ಕೊಡುತ್ತೇನೆ ಅಂದುಕೊಂಡರೆ ಲೆಕ್ಕ ತಪ್ಪುತ್ತೆ. ಬಂದ ದಿನವೇ ವರ್ಷದ ಖರ್ಚಿಗೆ ಎತ್ತಿಡುವ ಹಣಕ್ಕೆ ಸೇರಿಸಿ. ಸರಿಯಾಗಿ ಬಂದರೆ ವರ್ಷಕ್ಕೆ 24,000, ಕಡಿಮೆ ಮಾತಲ್ಲ.

ಹೆಜ್ಜೆ 3: ಆ ಹಣ ಕೈಗೆ ಸಿಗದ ಜಾಗದಲ್ಲಿರಲಿ

ಸಂಬಳ ಬೀಳುವ ಖಾತೆಯಲ್ಲೇ ವರ್ಷದ ಹಣವನ್ನೂ ಇಟ್ಟರೆ ಅದು ಉಳಿಯೋದಿಲ್ಲ. ಬ್ಯಾಲೆನ್ಸ್ ನೋಡಿದಾಗ 30,000 ಕಾಣುತ್ತೆ, ಮನಸ್ಸು ಸಡಿಲ ಆಗುತ್ತೆ. ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆಯಿರಿ. ಅದಕ್ಕೆ ಯುಪಿಐ ಜೋಡಿಸಬೇಡಿ. ಸಂಬಳ ಬಂದ ಮರುದಿನವೇ 10,000 ತಾನಾಗಿ ಆ ಖಾತೆಗೆ ಹೋಗುವ ಹಾಗೆ ಬ್ಯಾಂಕಿಗೆ ಹೇಳಿಡಿ. ಉಳಿದರೆ ಕಳಿಸೋಣ ಅಂತ ತಿಂಗಳ ಕೊನೆಗೆ ಇಟ್ಟರೆ ಉಳಿಯೋದೇ ಇಲ್ಲ, ಇದರಲ್ಲಿ ಯಾರೂ ಹೊರತಲ್ಲ.

ದಿನಗೂಲಿ, ಅಂಗಡಿ, ಆಟೋ ಅಂತ ದಿನವೂ ಹಣ ಬರುವವರಿಗೆ ತಿಂಗಳ ಮೊದಲಲ್ಲಿ 10,000 ಒಟ್ಟಿಗೆ ಎತ್ತಿಡಲು ಆಗೋದಿಲ್ಲ. ಅವರಿಗೆ ದಿನಕ್ಕಿಷ್ಟು ಅಂತ ಕಟ್ಟುವ ಪಿಗ್ಮಿ ಠೇವಣಿ ಚೆನ್ನಾಗಿ ಒಪ್ಪುತ್ತೆ. ಪಿಗ್ಮಿ ಹುಟ್ಟಿದ್ದೇ ನಮ್ಮ ನಾಡಿನಲ್ಲಿ. ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದನ್ನು ತಂದಿತು. ಆಗ ಏಜೆಂಟರು ಮನೆ ಮನೆಗೆ ಬಂದು ದಿನಕ್ಕೆ 2 ಆಣೆಯಂತೆ ಕಟ್ಟಿಸಿಕೊಳ್ಳುತ್ತಿದ್ದರು. ಇವತ್ತು ದಿನಕ್ಕೆ 200 ಕಟ್ಟಿದರೆ ತಿಂಗಳಿಗೆ 6,000. ಬಡ್ಡಿ ದೊಡ್ಡದೇನಿಲ್ಲ, ಆದರೆ ಸಂಜೆ ಗಲ್ಲಾದಲ್ಲಿರುವ ಹಣ ರಾತ್ರಿಯೊಳಗೆ ಕರಗದೆ ಉಳಿಯುತ್ತಲ್ಲ, ಅದೇ ಲಾಭ.

ಇಲ್ಲಿ ಒಂದು ಎಚ್ಚರಿಕೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಬೋರ್ಡ್ ಮೇಲೆ ಬ್ಯಾಂಕ್ ಅಂತ ಇದೆಯೋ ಸಂಘ ಅಂತ ಇದೆಯೋ ಓದಿ ನೋಡಿ, ಅರ್ಧ ಪರ್ಸೆಂಟ್ ಬಡ್ಡಿ ಆಸೆಗೆ ಪೂರ್ತಿ ಹಣ ಒಂದೇ ಕಡೆ ಹಾಕಬೇಡಿ. ಚೀಟಿ ಹಾಕುವವರಿಗೂ ಇದೇ ಮಾತು. ಚೀಟಿಗೆ 1982ರ ಕಾಯ್ದೆ ಇದೆ, ನೋಂದಣಿ ಆಗಬೇಕು. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಬೀದಿಯಲ್ಲಿ ಪರಿಚಯದವರು ನಡೆಸುವ ಚೀಟಿಗೆ ನಂಬಿಕೆ ಬಿಟ್ಟರೆ ಬೇರೆ ಆಧಾರ ಇರೋದಿಲ್ಲ. ಮಕ್ಕಳ ಫೀಸಿನ ಹಣವನ್ನು ಅಲ್ಲಿ ಹಾಕಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಹೆಜ್ಜೆ 4: ಈಗ ತಿಂಗಳ ಲೆಕ್ಕ

32,000 ಉಳಿದಿದೆ ಅಲ್ವಾ? ಅದರಲ್ಲಿ ಮೊದಲು 4,000 ಆರ್‌ಡಿಗೆ, ಅಂದರೆ ತಿಂಗಳಿಗಿಷ್ಟು ಅಂತ ಕಟ್ಟುವ ಠೇವಣಿಗೆ. ಪೋಸ್ಟ್ ಆಫೀಸಿನಲ್ಲಾದರೆ 5 ವರ್ಷದ ಆರ್‌ಡಿ, ತಿಂಗಳಿಗೆ 100 ರೂಪಾಯಿಂದಲೇ ಶುರು ಮಾಡಬಹುದು. 4,000 ಆಗಲ್ಲ ಅಂದರೆ 500 ಇಡಿ, ಆದರೆ ಸೊನ್ನೆ ಇಡಬೇಡಿ. ಇದು ವರ್ಷದ ಖರ್ಚಿನ ಹಣ ಅಲ್ಲ, ಮುಟ್ಟದೇ ಬೆಳೆಯಬೇಕಾದ ಹಣ.

28,000 ಉಳಿಯಿತು. ಬಾಡಿಗೆ 9,000 ಹೋದರೆ 19,000. ಗ್ಯಾಸ್, ನೀರು, ಎಲ್ಲರ ಮೊಬೈಲ್ ರೀಚಾರ್ಜ್, ಇಂಟರ್‌ನೆಟ್ ಸೇರಿ 2,200. ಪೆಟ್ರೋಲ್ 2,500. ಊರಲ್ಲಿರುವ ಅಮ್ಮನ ಔಷಧಿಗೆ 1,500. ಹಾಲು 1,400. ತಿಂಗಳ ದಿನಸಿ 5,000. ಕೊನೆಗೆ ಕೈಯಲ್ಲಿ 6,400.

ಅಮ್ಮನ ಔಷಧಿಯನ್ನು ಬೇರೆ ಸಾಲಿನಲ್ಲಿ ಬರೆದದ್ದಕ್ಕೆ ಕಾರಣ ಇದೆ. ಊರಿಗೆ ಕಳಿಸುವ ಹಣವನ್ನು ಬಹಳ ಜನ ಲೆಕ್ಕಕ್ಕೆ ಬರೆಯೋದೇ ಇಲ್ಲ, ಬರೆದರೆ ಲೆಕ್ಕ ಇಟ್ಟ ಹಾಗಾಗುತ್ತೆ ಅನ್ನುವ ಸಂಕೋಚ. ಬರೆಯದೇ ಇದ್ದಾಗಲೇ ಗಂಡ ಹೆಂಡತಿ ನಡುವೆ ಮಾತು ಬರುವುದು. ಎರಡೂ ಕಡೆಯ ಅಪ್ಪ ಅಮ್ಮನಿಗೆ ಎಷ್ಟು ಅಂತ ಇಬ್ಬರೂ ಕೂತು ಒಪ್ಪಿಕೊಂಡು, ಬಾಡಿಗೆಯ ಹಾಗೆ ಮೊದಲೇ ತೆಗೆದಿಟ್ಟುಬಿಡಿ.

ಇಬ್ಬರಿಗೂ ಸ್ವಲ್ಪ ಸ್ವಂತದ ಹಣ ಇರಲಿ. 300 ಆಗಲಿ, 500 ಆಗಲಿ. ಅದನ್ನು ಹೂವಿಗೆ ಹಾಕಿದರಾ, ಗೆಳೆಯರ ಜೊತೆ ಟೀಗೆ ಹಾಕಿದರಾ, ಇನ್ನೊಬ್ಬರು ಕೇಳಬಾರದು. ಒಂದೊಂದು ರೂಪಾಯಿಗೂ ಲೆಕ್ಕ ಕೇಳುವ ಮನೆಯಲ್ಲಿ ಸುಳ್ಳು ಲೆಕ್ಕ ಶುರುವಾಗುತ್ತೆ.

ಹೆಜ್ಜೆ 5: ತಿಂಗಳನ್ನು 5 ಭಾಗ ಮಾಡಿ

6,400ರಲ್ಲಿ ತರಕಾರಿ, ಹಣ್ಣು, ಮೊಟ್ಟೆ, ಮಾಂಸ, ಕಟಿಂಗ್, ಮಕ್ಕಳ ಪೆನ್ಸಿಲ್, ಸಂಜೆಯ ತಿಂಡಿ ಎಲ್ಲ ಆಗಬೇಕು. ಸೋರಿಕೆ ಆಗುವುದು ಇಲ್ಲೇ. ಇದನ್ನು ವಾರದ ಲೆಕ್ಕಕ್ಕೆ ಇಳಿಸಿ. 4 ಭಾಗ ಮಾಡಬೇಡಿ, ಫೆಬ್ರವರಿ ಬಿಟ್ಟರೆ ತಿಂಗಳಲ್ಲಿ 4 ವಾರದ ಮೇಲೆ ಎರಡು ಮೂರು ದಿನ ಇದ್ದೇ ಇರುತ್ತೆ, ಆ ದಿನಗಳಲ್ಲೇ ಕೈಸಾಲ ಆಗೋದು. 5 ಭಾಗ ಮಾಡಿದರೆ ವಾರಕ್ಕೆ 1,280. ಕೊನೆಯ ಭಾಗ ಬರೀ ಎರಡು ಮೂರು ದಿನಕ್ಕೆ ಸಿಗುತ್ತೆ, ಹಾಗಾಗಿ ಎಲ್ಲೋ ಒಂದು ವಾರ ಜಾಸ್ತಿ ಆದರೂ ಅಲ್ಲಿ ಸರಿ ಮಾಡಿಕೊಳ್ಳಬಹುದು.

ಈ ವಾರದ ಹಣವನ್ನು ನೋಟಿನಲ್ಲಿ ತೆಗೆದಿಟ್ಟರೆ ಬಹಳ ಒಳ್ಳೆಯದು. ಫೋನ್ ತೋರಿಸಿ 40, 60 ಅಂತ ಕಳಿಸುವಾಗ ಹಣ ಹೋದದ್ದು ಕಾಣೋದಿಲ್ಲ. ಡಬ್ಬಿಯಲ್ಲಿ 500ರ ನೋಟು ಎರಡು ಇದ್ದದ್ದು ಒಂದಾಯಿತು ಅಂದರೆ ಮನೆಯವರಿಗೆಲ್ಲ ಕಾಣುತ್ತೆ, ಮಕ್ಕಳಿಗೂ. ನೋಟು ಬೇಡ ಅನ್ನುವವರು ಇನ್ನೊಂದು ಸಣ್ಣ ಖಾತೆಗೆ ಪ್ರತಿ ಭಾನುವಾರ ರಾತ್ರಿ ಅಷ್ಟೇ ಹಣ ಹಾಕಿ, ಯುಪಿಐಯನ್ನು ಆ ಖಾತೆಗೆ ಮಾತ್ರ ಜೋಡಿಸಿ. ಖಾತೆ ಖಾಲಿಯಾದರೆ ಪೇಮೆಂಟ್ ನಿಲ್ಲುತ್ತೆ, ಅಷ್ಟೇ.

ಹೆಜ್ಜೆ 6: ದಿನಸಿ ಮತ್ತು ಅಡುಗೆಮನೆ

ಅಡುಗೆಮನೆಯಲ್ಲಿ ಉಳಿಸುವುದು ಅಂದರೆ ಕಡಿಮೆ ತಿನ್ನುವುದಲ್ಲ. ಮಕ್ಕಳ ಹಾಲು, ಕಾಳು, ಹಣ್ಣು ಕಡಿತ ಮಾಡಿ ಬಜೆಟ್ ಸರಿ ಮಾಡಬೇಡಿ. ಯಾವ ಕಾಲದಲ್ಲಿ ಏನು ಕೊಳ್ಳಬೇಕು ಅನ್ನುವುದರಲ್ಲೇ ಬೇಕಾದಷ್ಟು ಉಳಿತಾಯ ಇದೆ.

ಹುಣಸೆಹಣ್ಣು ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೊಸದು ಬರುತ್ತೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಜಾಸ್ತಿ ಬರುವುದೂ ವರ್ಷದ ಮೊದಲ ತಿಂಗಳುಗಳಲ್ಲೇ. ತೊಗರಿಯ ಹೊಸ ಬೆಳೆಯೂ ಆ ಆಸುಪಾಸಿನಲ್ಲೇ. ಈ ಮೂರನ್ನು ಆಗ ವರ್ಷಕ್ಕೆ ಆಗುವಷ್ಟು ಕೊಂಡು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಡಬ್ಬಿಗೆ ಹಾಕಿಡಿ. ಹುಣಸೆಹಣ್ಣಿನ ಬೀಜ ತೆಗೆದು ಉಪ್ಪು ಹಾಕಿಟ್ಟರೆ ಕೆಡೋದಿಲ್ಲ. ಸಾರಿನ ಪುಡಿ, ಖಾರದ ಪುಡಿ ಮನೆಯಲ್ಲೇ ಹುರಿದು ಮಿಲ್ಲಿಗೆ ಹಾಕಿಸಿದರೆ ಪ್ಯಾಕೆಟ್‌ಗಿಂತ ಅಗ್ಗ, ರುಚಿಯಂತೂ ಹೋಲಿಸುವ ಹಾಗೇ ಇಲ್ಲ. ಇದಕ್ಕೆ ಬೇಕಾದ ಹಣವನ್ನು ವರ್ಷದ ಪಟ್ಟಿಯಲ್ಲಿ ಸೇರಿಸಿ, ತಿಂಗಳ ದಿನಸಿಯಿಂದ ಅಷ್ಟು ಕಳೆಯಿರಿ.

ತರಕಾರಿಯಲ್ಲಿ ಪಟ್ಟಿ ಹಿಡಿದು ಹೋಗಬೇಡಿ. ದಿನಸಿಗೆ ಪಟ್ಟಿ ಬೇಕೇ ಬೇಕು, ತರಕಾರಿಗೆ ಅದೇ ನಷ್ಟ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದ್ದು ನೆನಪಿದೆಯಲ್ಲ? ಅಂಥ ಹೊತ್ತಿನಲ್ಲಿ ಟೊಮೆಟೊ ಸಾರೇ ಆಗಬೇಕು ಅಂತ ಹಟ ಹಿಡಿಯದೆ ಹುಣಸೆ ಹುಳಿಗೋ, ಮಜ್ಜಿಗೆ ಹುಳಿಗೋ, ತಂಬುಳಿಗೋ ಹೋಗಬಹುದು. ಸಂತೆಗೆ ಹೋದಾಗ ಮೊದಲು ಸುಮ್ನೆ ಒಂದು ಸುತ್ತು ಹಾಕಿ. ಯಾವುದು ಎಲ್ಲರ ಮುಂದೆಯೂ ರಾಶಿ ಬಿದ್ದಿದೆಯೋ ಅದೇ ಆ ವಾರದ ಅಡುಗೆ. "ಅಕ್ಕ, ಮೂರು ಕಟ್ಟು ತೊಗೊಂಡ್ರೆ ಎಷ್ಟಕ್ಕೆ ಕೊಡ್ತೀರ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಬಿಸಿಲಲ್ಲಿ ಕೂತು ಸೊಪ್ಪು ಮಾರುವ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಜಗ್ಗಾಡಿ, ಮಾಲ್‌ನಲ್ಲಿ ಬಾಯಿ ಮುಚ್ಚಿಕೊಂಡು ಬಿಲ್ ಕಟ್ಟುವುದು ನನಗೆ ಸರಿ ಕಾಣೋದಿಲ್ಲ.

ಕೊಂಡದ್ದನ್ನು ಪೂರ್ತಿ ಬಳಸುವ ವಿದ್ಯೆ ನಮ್ಮ ಅಡುಗೆಯಲ್ಲೇ ಇದೆ. ಬಸ್ಸಾರು ನೋಡಿ. ಒಂದು ಲೋಟ ಹುರುಳಿಕಾಳನ್ನೋ ಅಲಸಂದೆಯನ್ನೋ ಬೇಯಿಸಿ, ಅದು ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪು ಹಾಕಿ, ಬೆಂದ ಮೇಲೆ ನೀರು ಬಸಿಯಿರಿ. ಆ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆ, ಸಾರಿನ ಪುಡಿ, ಜೊತೆಗೆ ಒಂದು ಸೌಟು ಬೆಂದ ಕಾಳು ರುಬ್ಬಿ ಹಾಕಿ ಕುದಿಸಿದರೆ ಸಾರು. ಬಸಿದು ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಕುಕ್ಕರ್, ಒಂದೇ ಸಲದ ಗ್ಯಾಸ್, ಮುದ್ದೆಗೆ ಎರಡು ಬಗೆ. ಸಾರು ಮಾರನೇ ದಿನಕ್ಕೆ ಇನ್ನೂ ರುಚಿ. ಹೀರೆಕಾಯಿ ಸಿಪ್ಪೆ ಚಟ್ನಿ, ಮಂಗಳೂರು ಕಡೆಯ ಕಲ್ಲಂಗಡಿ ಸಿಪ್ಪೆಯ ದೋಸೆ, ಉತ್ತರ ಕರ್ನಾಟಕದಲ್ಲಿ ಒಮ್ಮೆ ಬಡಿದು ತಿಂಗಳುಗಟ್ಟಲೆ ಇಡುವ ಖಡಕ್ ರೊಟ್ಟಿ, ಇವನ್ನೆಲ್ಲ ಬಡತನದ ಅಡುಗೆ ಅಂತ ನಾಚಿಕೊಳ್ಳುವವರನ್ನು ಕಂಡರೆ ನನಗೆ ಬೇಸರ.

ಪ್ಯಾಕೆಟ್ ಕೊಳ್ಳುವಾಗ ಎಂಆರ್‌ಪಿ ಪಕ್ಕದ ಸಣ್ಣ ಅಕ್ಷರ ಓದಿ. ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಬೀಳುತ್ತೆ ಅಂತ ಅಲ್ಲಿ ಮುದ್ರಿಸಿರುತ್ತಾರೆ. ಅಡುಗೆ ಎಣ್ಣೆಯಲ್ಲಿ ಇದು ಬಹಳ ಮುಖ್ಯ. ನೋಡಲು ಒಂದೇ ಗಾತ್ರದ ಎರಡು ಪ್ಯಾಕೆಟ್‌ನಲ್ಲಿ ಒಂದು ಪೂರ್ತಿ ಲೀಟರ್ ಇರುತ್ತೆ, ಇನ್ನೊಂದರಲ್ಲಿ ಕಡಿಮೆ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನುವುದೂ ನಿಜವಲ್ಲ.

ಹೆಜ್ಜೆ 7: ಕರೆಂಟು, ಬಸ್ಸು, ಮಾತ್ರೆ

ಗೃಹಜ್ಯೋತಿ ಇರುವ ಮನೆಯವರು ಕರೆಂಟಿನ ಬಗ್ಗೆ ಯೋಚಿಸೋದೇ ಬಿಟ್ಟಿದ್ದಾರೆ. ಎಲ್ಲರಿಗೂ 200 ಯೂನಿಟ್ ಉಚಿತ ಅಲ್ಲ. 2022-23ರಲ್ಲಿ ನಿಮ್ಮ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಇಟ್ಟಿದ್ದಾರೆ. ಅದಕ್ಕಿಂತ ಜಾಸ್ತಿಯಾದರೆ ಜಾಸ್ತಿಯಾದಷ್ಟಕ್ಕೆ ಬಿಲ್. 200 ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಹಾಗಾಗಿ 195ಕ್ಕೂ 205ಕ್ಕೂ ಇರುವ ವ್ಯತ್ಯಾಸ 10 ಯೂನಿಟ್‌ನದ್ದಲ್ಲ. ಮನೆ ಬದಲಿಸಿದರೆ ಹಳೇ ಮನೆಯ ನೋಂದಣಿ ಬಿಡಿಸಿ ಹೊಸ ಮನೆಗೆ ಮಾಡಿಸಿಕೊಳ್ಳಿ.

ಎಲ್ಲಿ ಉಳಿಸೋದು? 2,000 ವಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್, ತಿಂಗಳಿಗೆ 30. ಹಳೇ 75 ವಾಟ್ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 28 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಅಷ್ಟೇ ಹೊತ್ತಿಗೆ ತಿನ್ನುವುದು ಸುಮಾರು 10. ಫ್ಯಾನ್ ಹಾಳಾದಾಗ ಇದನ್ನು ನೆನಪಿಡಿ, ಚೆನ್ನಾಗಿರುವುದನ್ನು ಕಿತ್ತು ಹಾಕುವುದು ಬೇಡ.

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಉಳಿದ ಬಸ್ ಚಾರ್ಜ್ ಎಲ್ಲಿ ಹೋಯಿತು ಅಂತ ಕೇಳಿದರೆ ಯಾರಿಗೂ ಗೊತ್ತಿರೋದಿಲ್ಲ. ಮೊದಲು ಖರ್ಚಾಗುತ್ತಿದ್ದಷ್ಟನ್ನು ಈಗಲೂ ಬಜೆಟ್‌ನಲ್ಲಿ ಬರೆದು, ಅಷ್ಟನ್ನು ಆರ್‌ಡಿಗೆ ಕಳಿಸಿ.

ಬಿಪಿ, ಶುಗರ್ ಮಾತ್ರೆ ಪ್ರತಿ ತಿಂಗಳೂ ಬೇಕಾದ ಮನೆಗಳಲ್ಲಿ ಜನೌಷಧಿ ಕೇಂದ್ರದಿಂದ ದೊಡ್ಡ ವ್ಯತ್ಯಾಸ ಆಗುತ್ತೆ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್‌ನಂಥವು ಅಲ್ಲಿ ಕಂಪನಿ ಮಾತ್ರೆಗಿಂತ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ಡಾಕ್ಟರ್ ಹತ್ತಿರ "ಇದರ ಜೆನೆರಿಕ್ ಹೆಸರು ಬರೆದುಕೊಡಿ ಸಾರ್" ಅಂತ ಕೇಳಿ, ಅದೇ ಅಳತೆಯ ಮಾತ್ರೆಯನ್ನೇ ತನ್ನಿ. ಡಾಕ್ಟರನ್ನು ಕೇಳದೆ ಮಾತ್ರೆ ಬದಲಿಸುವುದು, ಬಿಡುವುದು ಮಾತ್ರ ಬೇಡ.

ಹೆಜ್ಜೆ 8: ಸಾಲ ಇದ್ದರೆ

ಎಲ್ಲ ಸಾಲ ಒಂದೇ ಅಲ್ಲ. ಕ್ರೆಡಿಟ್ ಕಾರ್ಡ್ ಮತ್ತು ಮೊಬೈಲ್ ಆ್ಯಪ್ ಸಾಲ ಮೊದಲು ತೀರಬೇಕು. ಕಾರ್ಡ್ ಬಿಲ್ 40,000 ಬಂತು, ನೀವು ಮಿನಿಮಮ್ ಡ್ಯೂ, ಅಂದರೆ ಕನಿಷ್ಠ ಕಟ್ಟಲೇಬೇಕಾದ 2,000 ಮಾತ್ರ ಕಟ್ಟಿದಿರಿ ಅನ್ನಿ. ಉಳಿದ 38,000ಕ್ಕೆ ತಿಂಗಳಿಗೆ 3.5 ಪರ್ಸೆಂಟ್ ಅಂದರೂ 1,330 ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು ಸುಮಾರು 1,570. ಮುಂದಿನ ತಿಂಗಳು ಮತ್ತೆ 2,000 ಕಟ್ಟಿದರೆ ಅಸಲಿಗೆ ಹೋಗುವುದು 430 ಮಾತ್ರ. ಬಾಕಿ ಪೂರ್ತಿ ತೀರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಈ ಪರಿಸ್ಥಿತಿ ಇದ್ದರೆ ಮೇಲೆ ಹೇಳಿದ 4,000ದ ಆರ್‌ಡಿ ಸದ್ಯಕ್ಕೆ 500ಕ್ಕೆ ಇಳಿಸಿ, ಉಳಿದದ್ದನ್ನೆಲ್ಲ ಕಾರ್ಡಿಗೆ ಕಟ್ಟಿ, ಕಾರ್ಡನ್ನು ಬೀರುವಿನಲ್ಲಿಡಿ. ಆರ್‌ಡಿಯ ಬಡ್ಡಿ ವರ್ಷಕ್ಕೆ 6, 7 ಪರ್ಸೆಂಟ್. ಕಾರ್ಡಿನದು 42. ಬ್ಯಾಂಕಿನಲ್ಲಿ ಚಿನ್ನ ಇಟ್ಟು ಕಡಿಮೆ ಬಡ್ಡಿಗೆ ಸಾಲ ತಂದು ಕಾರ್ಡ್ ತೀರಿಸುವುದೂ ಒಂದು ದಾರಿ, ಆದರೆ ಬಿಡಿಸಿಕೊಳ್ಳುವ ತಾರೀಖನ್ನು ವರ್ಷದ ಪಟ್ಟಿಯಲ್ಲಿ ಬರೆದ ಮೇಲೆ ಮಾತ್ರ.

ಬಡ್ಡಿ ಇಲ್ಲದ ಇಎಂಐ ಅಂತ ಫ್ರಿಜ್, ಮೊಬೈಲ್ ಕೊಡುತ್ತಾರಲ್ಲ, ಅಲ್ಲಿ ಒಂದು ಪ್ರಶ್ನೆ ಕೇಳಿ: "ಒಂದೇ ಸಲ ಕ್ಯಾಶ್ ಕೊಟ್ಟರೆ ಎಷ್ಟು?" ಕಡಿಮೆ ಹೇಳಿದರೆ ಆ ವ್ಯತ್ಯಾಸವೇ ಬಡ್ಡಿ. ಪ್ರೊಸೆಸಿಂಗ್ ಫೀ ಬೇರೆ.

ಹೆಜ್ಜೆ 9: ಪ್ರತಿ ತಿಂಗಳು ಒಂದು ಸಲ ಕೂತು ನೋಡಿ

ತಿಂಗಳ ಕೊನೆಯ ಭಾನುವಾರ ತಿಂಡಿ ಆದ ಮೇಲೆ ಅರ್ಧ ಗಂಟೆ ಸಾಕು. ಗಂಡ ಹೆಂಡತಿ ಇಬ್ಬರೂ ಇರಬೇಕು, ಹೈಸ್ಕೂಲ್ ಮಕ್ಕಳಿದ್ದರೆ ಅವರೂ ಇರಲಿ. ಅತ್ತೆ ಮಾವ ಜೊತೆಗಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ಹಬ್ಬ ಹರಿದಿನ, ಮುಯ್ಯಿಯ ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತೆ. ನೋಡಬೇಕಾದದ್ದು ಎರಡೇ. ವಾರದ ಹಣ ಯಾವ ವಾರ ಸಾಲಲಿಲ್ಲ, ಮುಂದಿನ ತಿಂಗಳ ಮುಂದೆ ಪಟ್ಟಿಯಲ್ಲಿ ಏನು ಬರೆದಿದೆ. "ನೀನು ಯಾಕೆ ಅದು ತಂದೆ" ಅನ್ನುವ ವಿಚಾರಣೆ ಅಲ್ಲಿ ಬೇಡ.

ಮೂರು ತಿಂಗಳು ಸತತವಾಗಿ ತರಕಾರಿ ಹಣ ಸಾಲದೇ ಹೋದರೆ ತಪ್ಪು ಖರ್ಚಿನದ್ದಲ್ಲ, ನೀವು ಬರೆದ ಅಂಕಿಯದ್ದು. ಅಂಕಿ ಏರಿಸಿ, ಬೇರೆ ಎಲ್ಲಾದರೂ ಅಷ್ಟನ್ನು ಇಳಿಸಿ. ಯಾವ ಸಾಲಿನಿಂದಲೂ ಇಳಿಸಲು ಆಗುತ್ತಿಲ್ಲ ಅಂದರೆ ಉಳಿತಾಯದ ಉಪಾಯಗಳಿಂದ ಇನ್ನು ಆಗುವುದು ಕಡಿಮೆ. ಆಗ ಬಾಡಿಗೆ ಕಡಿಮೆ ಇರುವ ಮನೆ, ಹತ್ತಿರದ ಸ್ಕೂಲು, ಇನ್ನೊಂದು ಸಣ್ಣ ದುಡಿಮೆ, ಇಂಥ ದೊಡ್ಡ ವಿಷಯಗಳನ್ನೇ ಮಾತಾಡಬೇಕು. 3,000 ಕಡಿಮೆ ಬಾಡಿಗೆಯ ಮನೆ ಸಿಕ್ಕರೆ ವರ್ಷಕ್ಕೆ 36,000 ಉಳಿಯಿತು, ಮೇಲಿನ ಲೆಕ್ಕದಲ್ಲಿ ಇಬ್ಬರೂ ಮಕ್ಕಳ ಫೀಸ್ ಅಷ್ಟೇ ಇದ್ದದ್ದು.

ಸಂಬಳ ಜಾಸ್ತಿಯಾದರೆ ಆ ತಿಂಗಳೇ ಏರಿದ್ದರ ಅರ್ಧದಷ್ಟಕ್ಕೆ ಇನ್ನೊಂದು ಆರ್‌ಡಿ ತೆರೆಯಿರಿ. ಹಳೇ ಆರ್‌ಡಿಯ ಕಂತನ್ನು ನಡುವೆ ಏರಿಸಲು ಆಗೋದಿಲ್ಲ, ಹೊಸದೇ ಬೇಕು. ಉಳಿದ ಅರ್ಧ ಮನೆಗೆ ಬರಲಿ, ಇಷ್ಟು ದಿನ ಮುಂದೂಡಿದ್ದು ಏನಾದರೂ ಇದ್ದರೆ ಅದಕ್ಕೆ. ಎರಡು ತಿಂಗಳು ಬಿಟ್ಟು ನೋಡೋಣ ಅಂದರೆ ಅಷ್ಟರಲ್ಲಿ ಪೂರ್ತಿ ಏರಿಕೆ ದಿನದ ಖರ್ಚಿನಲ್ಲಿ ಸೇರಿ ಹೋಗಿರುತ್ತೆ, ಹುಡುಕಿದರೂ ಸಿಗೋದಿಲ್ಲ.